ಚರಿತ್ರೆಯ ಪಠನವೂ ಪ್ರಾರ್ಥನೆಯೂ: ಆರ್ಮೇನಿಯರ ನಿದರ್ಶನ

ಆರ್ಮೇನಿಯದ ಕ್ರೈಸ್ತರ ಪಂಚಾಂಗದಲ್ಲಿ ಮಹಾ ಉಪವಾಸಕಾಲಕ್ಕೆ ಮುಂಚಿನ ಗುರುವಾರಕ್ಕೆ ವಿಶೇಷವಾದೊಂದು ಸ್ಥಾನವಿದೆ. ಆ ದಿನ ದೇವಾಲಯಗಳಲ್ಲಿ ಸ್ಮರಿಸಲ್ಪಡುವವರು ಪ್ರವಾದಿಗಳಲ್ಲ, ಪ್ರೇಷಿತರಲ್ಲ, ಅರಣ್ಯವಾಸಿಗಳಾದ ತಪಸ್ವಿಗಳೂ ಅಲ್ಲ, ಕ್ರಿ.ಶ. 451ರಲ್ಲಿ ಅವರಾಯ್ರ್ ಎಂಬ ಬಯಲಿನಲ್ಲಿ ಪಾರಸಿಕ ಸೈನ್ಯದೊಡನೆ ಹೋರಾಡಿ ಮಡಿದ ವರ್ದಾನ್ ಮಾಮಿಕೋನಿಯನ್ ಎಂಬ ಸೇನಾನಿ ಮತ್ತು ಅವನೊಡನೆ ಬಿದ್ದ 1036 ಮಂದಿ. ಪ್ರಾರ್ಥನೆಯಲ್ಲಿ ಇಷ್ಟು ಖಚಿತವಾದ ಸಂಖ್ಯೆಯೊಂದು ಕೇಳಿಬಂದಾಗ ಚರಿತ್ರೆಯ ವಿದ್ಯಾರ್ಥಿಯ ಕಿವಿ ನೆಟ್ಟಗಾಗುವುದು ಸಹಜ. ಈ ಸಂಖ್ಯೆ ದೈವವಾಣಿಯಿಂದ ಬಂದುದಲ್ಲ. ಯೆಘಿಶೆ ಎಂಬ ಇತಿಹಾಸಕಾರನ ಗ್ರಂಥದಲ್ಲಿರುವ ರಣರಂಗದ ಲೆಕ್ಕ ಅದು. ಇತಿಹಾಸಗ್ರಂಥದ ಲೆಕ್ಕ ಪ್ರಾರ್ಥನೆಯೊಳಕ್ಕೆ ಬಂದುದು ಹೇಗೆ? ಒಂದು ಜನಾಂಗವು ತನ್ನ ನಾಡಿನ ಚರಿತ್ರೆಯನ್ನು ಕಲಿಯುವುದರಿಂದಲೇ ಶ್ರದ್ಧೆಯನ್ನೂ ಪ್ರಾರ್ಥನೆಯನ್ನೂ ಪಡೆಯುವುದಾದರೆ, ಆಗ ಚರಿತ್ರೆಗೆ ಏನಾಗುತ್ತದೆ, ಪ್ರಾರ್ಥನೆಗೆ ಏನಾಗುತ್ತದೆ? ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇಷ್ಟನ್ನೇ.

ಚರಿತ್ರೆಯನ್ನು ಪ್ರಾರ್ಥನೆಯಾಗಿ ನುಡಿಯುವ ಪದ್ಧತಿಯನ್ನು ಕ್ರೈಸ್ತರು ಯೆಹೂದ್ಯರಿಂದ ಪಡೆದರು. ಕೀರ್ತನೆಗಳ ಪುಸ್ತಕದ 78, 105, 106ನೆಯ ಕೀರ್ತನೆಗಳು ಇಸ್ರಾಯೇಲರ ಪೂರ್ವಚರಿತ್ರೆಯ ಕಥನಗಳೇ ಆಗಿವೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ವಿಧಿಯಂತೆ ಪ್ರಥಮ ಫಲವನ್ನು ದೇವರಿಗೊಪ್ಪಿಸಲು ಬಂದ ಬೇಸಾಯಗಾರನು ತನ್ನ ಸ್ವಂತ ಕಷ್ಟಸುಖವನ್ನು ಹೇಳಿಕೊಳ್ಳುವುದಿಲ್ಲ. ಅಲೆಮಾರಿಯಾಗಿದ್ದ ಮೂಲಪುರುಷನಿಂದ ತೊಡಗಿ ಐಗುಪ್ತದ ದಾಸ್ಯವನ್ನೂ ಬಿಡುಗಡೆಯನ್ನೂ ಹೇಳಿ, ಆ ಕಥೆಯ ಕೊನೆಯಲ್ಲಿ ತನ್ನ ಬುಟ್ಟಿಯನ್ನು ಇಡುತ್ತಾನೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 106ನೆಯ ಕೀರ್ತನೆ ಪೂರ್ವಜರ ಕೀರ್ತಿಯನ್ನಲ್ಲ, ಅವರ ದ್ರೋಹವನ್ನು ಎಣಿಸುತ್ತದೆ. ಚರಿತ್ರೆ ಪ್ರಾರ್ಥನೆಯಾಗಬೇಕಾದರೆ ಅದು ಸ್ತುತಿಪಾಠವೇ ಆಗಬೇಕೆಂಬ ನಿಯಮವಿಲ್ಲ.

ಆದರೆ ಇಸ್ರಾಯೇಲರ ಚರಿತ್ರೆ ಪವಿತ್ರಗ್ರಂಥದೊಳಗೇ ಇದೆ. ಬೇರೆ ಜನಾಂಗಗಳ ಚರಿತ್ರೆಗೆ ಆ ಅನುಕೂಲವಿಲ್ಲ. ತಮ್ಮ ಊರು, ತಮ್ಮ ಅರಸು, ತಮ್ಮ ಸೋಲುಗೆಲುವುಗಳಲ್ಲಿಯೂ ಅದೇ ದೇವರ ಕೈವಾಡವಿದೆಯೆಂದು ತೋರಿಸುವ ಹೊಣೆಯನ್ನು ಅಲ್ಲಿ ಇತಿಹಾಸಕಾರನೇ ಹೊರಬೇಕಾಗುತ್ತದೆ. ಆರ್ಮೇನಿಯರಲ್ಲಿ ಈ ಹೊಣೆಯನ್ನು ಹೊತ್ತವರು ಎಷ್ಟು ಗೌರವಕ್ಕೆ ಪಾತ್ರರಾದರೆಂದರೆ, ಅಕ್ಟೋಬರ್ ತಿಂಗಳಿನ ಪವಿತ್ರ ಭಾಷಾಂತರಕಾರರ ಹಬ್ಬದಲ್ಲಿ ಲಿಪಿಕರ್ತನಾದ ಮೆಸ್ರೋಪ್ ಮಾಶ್ತೋತ್ಸ್‌ನೊಡನೆ ಯೆಘಿಶೆ ಮತ್ತು ಮೊವ್ಸೆಸ್ ಖೊರೆನಾತ್ಸಿ ಎಂಬ ಇಬ್ಬರು ಇತಿಹಾಸಕಾರರ ಹೆಸರುಗಳೂ ಸಂತರ ಸಾಲಿನಲ್ಲಿ ಬರುತ್ತವೆ. ಚರಿತ್ರೆಯನ್ನು ಬರೆದುದಕ್ಕಾಗಿ ಸಂತಪದವಿಯನ್ನು ಪಡೆದವರು ಲೋಕದಲ್ಲಿ ಬಹಳ ಮಂದಿ ಇರಲಾರರು. ನಮ್ಮ ವೃತ್ತಿಯವರಿಗೆ ಇದು ಸ್ವಲ್ಪ ಸಮಾಧಾನ ತರುವ ವಿಷಯ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: ಸಂತ ಗ್ರಿಗೋರನ ಬೋಧೆಯಿಂದ ತ್ರ್ದಾತ್ ಅರಸನು ಕ್ರೈಸ್ತನಾದುದು ಸಂಪ್ರದಾಯದಂತೆ 301ರಲ್ಲಿ, 314ರ ಸುಮಾರೆಂದು ಹೇಳುವ ವಿದ್ವಾಂಸರೇ ಈಗ ಹೆಚ್ಚು. 387ರಲ್ಲಿ ನಾಡು ರೋಮ್ ಮತ್ತು ಪಾರಸಿಕ ಸಾಮ್ರಾಜ್ಯಗಳ ನಡುವೆ ಹಂಚಿಹೋಯಿತು; 428ರಲ್ಲಿ ಪಾರಸಿಕ ಭಾಗದ ಅರಸುತನವೂ ಅಳಿಯಿತು. ಈ ಎರಡು ನಷ್ಟಗಳ ನಡುವೆ, 405ರ ಸುಮಾರಿನಲ್ಲಿ, ಮಾಶ್ತೋತ್ಸನು 36 ಅಕ್ಷರಗಳ ಲಿಪಿಯನ್ನು ರೂಪಿಸಿದನು. ಅವನ ಶಿಷ್ಯ ಕೊರ್ಯೂನನು ಬರೆದಿರುವಂತೆ, ಆ ಲಿಪಿಯಲ್ಲಿ ಮೊದಲು ಬರೆಯಲ್ಪಟ್ಟುದು ಸೊಲೊಮೋನನ ಜ್ಞಾನೋಕ್ತಿಗಳ ಆರಂಭದ ವಾಕ್ಯ. ಅರಸುತನ ಹೋದಮೇಲೆ ಜನರಿಗೆ ಉಳಿದುದು ಒಂದು ಸಭೆ, ಒಂದು ಲಿಪಿ. ಚರಿತ್ರೆಯನ್ನು ಬರೆಯುವುದಕ್ಕೂ ಆರಾಧನೆಗೂ ಒಂದೇ ಲಿಪಿ ಒಂದೇ ಕಾಲದಲ್ಲಿ ದೊರೆತುದರಿಂದ ಅವೆರಡೂ ಮೊದಲಿನಿಂದಲೇ ಹೆಣೆದುಕೊಂಡುವೆಂದು ಊಹಿಸಲು ಅಡ್ಡಿಯಿಲ್ಲ.

ಇನ್ನು ಯೆಘಿಶೆಯ ಗ್ರಂಥಕ್ಕೆ ಬರೋಣ. ಪಾರಸಿಕ ಚಕ್ರವರ್ತಿ ಎರಡನೆಯ ಯಜ್ದೆಗರ್ದನು ಆರ್ಮೇನಿಯರು ಜರತುಷ್ಟ್ರನ ಮತವನ್ನು ಒಪ್ಪಬೇಕೆಂದು ಬಯಸಿದನು. ಅವನ ಮಂತ್ರಿ ಮಿಹ್ರ್ ನರ್ಸೆಯ ಪತ್ರವೂ ಅದಕ್ಕೆ ಬಿಷಪರು ಕೊಟ್ಟ ಉತ್ತರವೂ ಗ್ರಂಥದಲ್ಲಿ ಸೇರಿವೆ. ಪ್ರತಿಪಕ್ಷದ ವಾದವನ್ನು ಯೆಘಿಶೆ ಎಷ್ಟು ವಿವರವಾಗಿ ದಾಖಲಿಸಿರುವನೆಂದರೆ, ಜುರ್ವಾನನನ್ನು ಆದಿದೈವವೆಂದು ನಂಬಿದ್ದ ಪಾರಸಿಕ ಪಂಥವನ್ನು ಕುರಿತು ತಿಳಿಯಬಯಸುವವರು ಇಂದಿಗೂ ಅವನ ಪುಟಗಳನ್ನು ತೆರೆಯಬೇಕಾಗಿದೆ. ಚಕ್ರವರ್ತಿಯು ನಾಡಿನ ಸಾಮಂತರನ್ನು ರಾಜಧಾನಿಗೆ ಕರೆಸಿದನು. ಅಲ್ಲಿ ಅವರು ಒತ್ತಾಯಕ್ಕೆ ಮಣಿದು ಹೊರನೋಟಕ್ಕೆ ಪರಮತವನ್ನು ಒಪ್ಪಿ ಹಿಂದಿರುಗಿದರು, 450ರಲ್ಲಿ ದಂಗೆಯೆದ್ದರು. ವರ್ದಾನನೂ ಹಾಗೆ ಮಣಿದವರಲ್ಲಿ ಒಬ್ಬ. ವೀರನನ್ನು ಸಂತನೆಂದು ಚಿತ್ರಿಸಬೇಕಾದ ಗ್ರಂಥವು ಈ ಎಡವಿಕೆಯನ್ನು ಮರೆಮಾಡದೆ ಹೇಳಿರುವುದು ಗಮನಾರ್ಹ. ಬೈಜಾಂಟಿಯಮ್ಮಿನ ಚಕ್ರವರ್ತಿ ಮಾರ್ಸಿಯನನಿಂದ ನೆರವು ಬರಲಿಲ್ಲ. ಸ್ಯೂನಿಕ್ ಪ್ರಾಂತದ ಒಡೆಯ ವಸಾಕನು ಪಾರಸಿಕರ ಪಕ್ಷವನ್ನು ಸೇರಿದನು.

ಯುದ್ಧದ ಹಿಂದಿನ ಸಂದರ್ಭವನ್ನು ಯೆಘಿಶೆ ವರ್ಣಿಸುವ ರೀತಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ವರ್ದಾನನು ಸೈನಿಕರಿಗೆ ಮಕ್ಕಬಿಯರ ಚರಿತ್ರೆಯನ್ನು, ಎಂದರೆ ಅನ್ಯರಾಜನ ವಿರುದ್ಧ ತಮ್ಮ ಧರ್ಮಕ್ಕಾಗಿ ಹೋರಾಡಿದ ಯೆಹೂದ್ಯ ಮನೆತನದ ಕಥೆಯನ್ನು, ಓದಿ ಹೇಳಿದನಂತೆ. ಇನ್ನೂ ದೀಕ್ಷೆ ಪಡೆಯದವರಿಗೆ ಸ್ನಾನದೀಕ್ಷೆಯಾಯಿತು. ಎಲ್ಲರೂ ಪರಮಪ್ರಸಾದವನ್ನು ಸ್ವೀಕರಿಸಿದರು. ಸೈನಿಕರು ಮೊದಲು ಚರಿತ್ರೆಯನ್ನು ಕೇಳಿದರು, ಬಳಿಕ ಪ್ರಾರ್ಥಿಸಿದರು, ಬಳಿಕ ಚರಿತ್ರೆಯೇ ಆದರು. ಆದರೆ ಯೆಘಿಶೆಯ ಗ್ರಂಥವನ್ನು ಇಂಗ್ಲಿಷಿಗೆ ತಂದ ಆರ್. ಡಬ್ಲ್ಯು. ಥಾಮ್ಸನ್ ಅವರು ತಮ್ಮ 1982ರ ಪ್ರಕಟಣೆಯಲ್ಲಿ ತೋರಿಸಿರುವಂತೆ, ಗ್ರಂಥದ ನುಡಿಗಟ್ಟುಗಳಲ್ಲಿ ಎಷ್ಟೋ ಮಕ್ಕಬಿಯರ ಪುಸ್ತಕಗಳನ್ನೇ ನೆನಪಿಗೆ ತರುತ್ತವೆ. ವರ್ದಾನನು ನಿಜವಾಗಿ ಆ ಪುಸ್ತಕವನ್ನು ಓದಿದನೊ, ಆ ಪುಸ್ತಕವನ್ನು ಓದಿದ್ದ ಯೆಘಿಶೆಯು ವರ್ದಾನನ ಕೈಗೆ ಅದನ್ನು ಕೊಟ್ಟನೊ, ಈಗ ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಯೆಘಿಶೆ ತಾನು ಪ್ರತ್ಯಕ್ಷದರ್ಶಿಯೆಂದು ಹೇಳಿಕೊಂಡಿದ್ದರೂ ಅವನನ್ನು ಆರನೆಯ ಶತಮಾನಕ್ಕೆ ತರುವ ವಿದ್ವಾಂಸರಿದ್ದಾರೆ. ಮಕ್ಕಬಿಯರಿಂದಲೇ ಬಂದ ಇನ್ನೊಂದು ಸಂಗತಿ ಅವನು ಮತ್ತೆ ಮತ್ತೆ ಬಳಸುವ ‘ಉಖ್ತ್’ ಎಂಬ ಮಾತು. ಅದಕ್ಕೆ ಒಡಂಬಡಿಕೆ ಎಂದರ್ಥ. ದೇವರೊಡನೆ ಮಾಡಿದ ಒಡಂಬಡಿಕೆಯೂ ದಂಗೆಯೆದ್ದವರು ತಮ್ಮತಮ್ಮಲ್ಲಿ ಮಾಡಿಕೊಂಡ ಪ್ರಮಾಣವೂ ಆ ಒಂದೇ ಪದದಲ್ಲಿ ಅಡಗಿವೆ. ಮುಂದೆ ಅದೇ ಪದ ಹರಕೆಗೂ ತೀರ್ಥಯಾತ್ರೆಗೂ ಸಂದಿತು.

ಗ್ರಂಥದ ಕೊನೆಯ ಭಾಗ ಯುದ್ಧದ್ದಲ್ಲ. ಮಡಿದವರ ಮತ್ತು ಪಾರಸಿಕರ ಸೆರೆಯಲ್ಲಿದ್ದವರ ಹೆಂಡಿರು ಹೇಗೆ ಬದುಕಿದರೆಂಬುದನ್ನು ಯೆಘಿಶೆ ಅಲ್ಲಿ ಹೇಳುತ್ತಾನೆ. ಹುಟ್ಟಿದಂದಿನಿಂದ ಸುಖವನ್ನೇ ಕಂಡಿದ್ದ ಅರಸುಮನೆಗಳ ಹೆಂಗಸರು ಅಡಿಗೆಯವರಿಲ್ಲದೆ, ನೀರೆರೆಯುವವರಿಲ್ಲದೆ, ತಮ್ಮ ಕೈಯಿಂದಲೇ ದುಡಿದು, ನೆಲದ ಮೇಲೆ ಮಲಗಿ, ಬಾರದವರಿಗಾಗಿ ಕಾಯುತ್ತ ಋತುಗಳನ್ನು ಕಳೆದ ಚಿತ್ರ ಅದು. ಇಲ್ಲಿ ಶತ್ರುವಿನ ನಿಂದೆಯಿಲ್ಲ. ಚರಿತ್ರೆ ಪ್ರಾರ್ಥನೆಯಾಗುವುದು ಎಲ್ಲಿ ಎಂದು ನಮ್ಮನ್ನು ಯಾರಾದರೂ ಕೇಳಿದರೆ ಮಕ್ಕಬಿಯರ ಓದನ್ನಲ್ಲ, ಈ ಪುಟಗಳನ್ನು ನಾವು ತೋರಿಸುತ್ತೇವೆ.

ಅವರಾಯ್ರಿನಲ್ಲಿ ಆರ್ಮೇನಿಯರು ಸೋತರು. ಸೆರೆಸಿಕ್ಕ ಪಾದ್ರಿ ಘೆವೋಂದನೂ ಅವನ ಸಂಗಡಿಗರೂ 454ರಲ್ಲಿ ಕೊಲ್ಲಲ್ಪಟ್ಟರು. ಅವರ ಸ್ಮರಣೆ ವರ್ದಾನನ ಗುರುವಾರಕ್ಕೆ ಎರಡು ದಿನ ಮೊದಲು, ಮಂಗಳವಾರ, ನಡೆಯುತ್ತದೆ. ಸ್ವಧರ್ಮಾಚರಣೆಯ ಹಕ್ಕು ದೊರೆತುದು ಇನ್ನೂ ಮೂವತ್ತು ವರ್ಷಗಳ ಬಳಿಕ, 484ರ ನ್ವಾರ್ಸಾಕ್ ಒಪ್ಪಂದದಿಂದ. ಅದನ್ನು ಗಳಿಸಿದವನು ವರ್ದಾನನ ತಮ್ಮನ ಮಗನಾದ ವಹಾನ್. ಅದೇ ವರ್ಷ ಪೇರೋಜ್ ಚಕ್ರವರ್ತಿಯು ಪೂರ್ವದಲ್ಲಿ ಹೂಣರ ಕೈಯಲ್ಲಿ ಮಡಿಯದೆ ಇದ್ದಿದ್ದರೆ ಆ ಒಪ್ಪಂದ ಸಾಧ್ಯವಾಗುತ್ತಿತ್ತೆ ಎಂಬುದು ಅನುಮಾನ. ತರಗತಿಯಲ್ಲಿ ನಾವು ಕಾರಣಪರಂಪರೆಯನ್ನು ಹೇಳುವಾಗ ಹೂಣರನ್ನು ಬಿಡುವಂತಿಲ್ಲ. ದೇವಾಲಯದಲ್ಲಿ ಹೂಣರ ಹೆಸರನ್ನು ಯಾರೂ ಎತ್ತುವುದಿಲ್ಲ.

ಹೂಣರ ವಿಷಯ ಹಾಗಿರಲಿ. ವಸಾಕನ ವಿಷಯ ಅಷ್ಟು ಸುಲಭವಲ್ಲ. ಯೆಘಿಶೆಗೆ ಅವನು ಇನ್ನೊಬ್ಬ ಯೂದ. ಇದೇ ಯುದ್ಧವನ್ನು ಬರೆದ ಇನ್ನೊಬ್ಬ ಇತಿಹಾಸಕಾರ ಘಜಾರ್ ಪಾರ್ಪೆತ್ಸಿಯೂ ಅವನನ್ನು ದ್ರೋಹಿಯೆಂದೇ ಕರೆದಿದ್ದಾನೆ. ಆದರೆ ವಸಾಕನ ಮಕ್ಕಳು ಪಾರಸಿಕರ ಒತ್ತೆಯಾಳುಗಳಾಗಿದ್ದರೆಂಬುದು ಈ ಇತಿಹಾಸಕಾರರಿಂದಲೇ ತಿಳಿಯುತ್ತದೆ. ಚಿಕ್ಕದೊಂದು ನಾಡು ಮಹಾಸಾಮ್ರಾಜ್ಯವನ್ನು ಎದುರಿಸಿ ಬಾಳಲಾರದೆಂದು ಅವನು ಎಣಿಸಿದ್ದಿರಬಹುದೆಂದು ಆಧುನಿಕ ಸಂಶೋಧಕರು ವಾದಿಸಿದ್ದಾರೆ. ಆ ಎಣಿಕೆ ತಪ್ಪಾಗಿರಲಿಲ್ಲವೆಂಬುದಕ್ಕೆ ಅವರಾಯ್ರೇ ಸಾಕ್ಷಿ. ಕೊನೆಗೆ ಪಾರಸಿಕರೂ ಅವನನ್ನು ನಂಬದೆ ಅಧಿಕಾರವನ್ನು ಕಿತ್ತುಕೊಂಡು ಸೆರೆಗೆ ತಳ್ಳಿದರು. ಅವನು ಅಲ್ಲಿಯೇ ಸತ್ತನು. ಇತಿಹಾಸದ ವಿದ್ಯಾರ್ಥಿಯು ವಸಾಕನ ಪಕ್ಷವನ್ನೂ ಕೇಳಲೇಬೇಕು. ಪ್ರಾರ್ಥನೆಯ ಪುಸ್ತಕದಲ್ಲಿ ಅದಕ್ಕೆ ಎಡೆಯಿಲ್ಲ. ನಾಡಿನ ಚರಿತ್ರೆಯನ್ನು ಭಕ್ತಿಯ ಆಕರವಾಗಿ ಮಾಡಿಕೊಂಡವರೆಲ್ಲರೂ ಎದುರಿಸಬೇಕಾದ ಅಪಾಯ ಇದೇ ಎಂದು ನಮಗೆ ತೋರುತ್ತದೆ: ನಾಡಿನ ಶತ್ರು ದೇವರ ಶತ್ರುವೂ ಆಗಿಬಿಡುತ್ತಾನೆ, ಬೇರೆ ರೀತಿಯಲ್ಲಿ ಯೋಚಿಸಿದವನು ಯೂದನಾಗುತ್ತಾನೆ. ಶತ್ರುವಿಗಾಗಿ ಪ್ರಾರ್ಥಿಸಬೇಕೆಂಬ ಕ್ರಿಸ್ತನ ವಿಧಿಗೂ ಇದಕ್ಕೂ ಹೊಂದಿಕೆ ಹೇಗೆ? ಇದಕ್ಕೆ ಯೆಘಿಶೆಯಲ್ಲಿ ಪೂರ್ಣವಾದ ಉತ್ತರವಿದೆಯೆಂದು ಹೇಳಲಾರೆವು.

ಉತ್ತರದ ಒಂದು ಅಂಶ ಬೇರೊಂದು ಕಡೆ ದೊರೆಯುತ್ತದೆ. ನಮ್ಮ ಓಲೆಗ್ರಂಥಗಳ ಕೊನೆಯಲ್ಲಿ ಲಿಪಿಕಾರನ ಪುಷ್ಪಿಕೆ ಇರುವಂತೆ ಆರ್ಮೇನಿಯದ ಹಸ್ತಪ್ರತಿಗಳ ಕೊನೆಯಲ್ಲಿಯೂ ಇರುತ್ತದೆ. ಅದನ್ನು ‘ಹಿಶತಾಕರಾನ್’ ಎನ್ನುತ್ತಾರೆ. ಸ್ಮರಣೆ ಎಂಬ ಅರ್ಥದ ಪದದಿಂದ ಹುಟ್ಟಿದ ಹೆಸರು. ಆದರೆ ಅದು ಒಂದೆರಡು ಸಾಲಿಗೆ ಮುಗಿಯುವುದಿಲ್ಲ. ಪ್ರತಿಯನ್ನು ಬರೆದವನಾರು, ಬರೆಸಿದವನಾರು, ಯಾವ ಮಠ, ಯಾವ ವರ್ಷ, ಆಗ ಸಭೆಯ ಮುಖ್ಯನಾರು, ಆಳುವವನಾರು ಎಂದು ತೊಡಗಿ, ಆ ವರ್ಷದ ಬರ, ದಂಡಿನ ದಾಳಿ, ತೆರಿಗೆಯ ಹಿಂಸೆ, ಶಾಯಿ ಹೆಪ್ಪುಗಟ್ಟಿದ ಚಳಿ ಎಲ್ಲವನ್ನೂ ಲಿಪಿಕಾರನು ಬರೆದಿಡುತ್ತಾನೆ. ಅವೆದಿಸ್ ಸಂಜಿಯನ್ ಎಂಬ ವಿದ್ವಾಂಸರು 1301ರಿಂದ 1480ರವರೆಗಿನ ಇಂತಹ ಬರಹಗಳನ್ನು ಆಯ್ದು 1969ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ತೈಮೂರನ ದಾಳಿಗಳ ಕಾಲವನ್ನು ಅಭ್ಯಸಿಸುವವರಿಗೆ ಅದು ಅಮೂಲ್ಯವಾದ ಆಕರ. ಹಸ್ತಪ್ರತಿಯನ್ನೇ ಸೆರೆಯಾಳೆಂಬಂತೆ ಕಂಡು, ದಾಳಿಕಾರರಿಂದ ಅದನ್ನು ಹಣ ತೆತ್ತು ಬಿಡಿಸಿಕೊಂಡವರ ಹೆಸರುಗಳೂ ಇವುಗಳಲ್ಲಿ ಬರುತ್ತವೆ.

ಇಷ್ಟೆಲ್ಲವನ್ನೂ ಬರೆದ ಲಿಪಿಕಾರನು ಕೊನೆಯಲ್ಲಿ ಓದುಗನನ್ನು ಬೇಡುವುದು ಒಂದನ್ನೇ. ತನ್ನನ್ನೂ ತನ್ನ ತಾಯಿತಂದೆಗಳನ್ನೂ ನೆನೆದು ಒಂದು ಸಲ ಪರಲೋಕಪ್ರಾರ್ಥನೆಯನ್ನು ಹೇಳಬೇಕು. ಎಂದರೆ, ಚರಿತ್ರೆ ಇಲ್ಲಿ ಪ್ರಾರ್ಥನೆಯ ಕೋರಿಕೆಗೆ ಕೊಟ್ಟ ವಿವರಣೆ. ಯಾರಿಗಾಗಿ ಪ್ರಾರ್ಥಿಸಬೇಕು, ಅವನು ಏನನ್ನು ಅನುಭವಿಸಿದನು ಎಂಬುದು ಓದುಗನಿಗೆ ತಿಳಿಯಬೇಕಲ್ಲವೆ? ಲಿಪಿಕಾರನು ವೀರನೂ ಅಲ್ಲ, ದ್ರೋಹಿಯೂ ಅಲ್ಲ. ತನ್ನ ಅಕ್ಷರ ಕೆಟ್ಟುದಕ್ಕೆ ಕ್ಷಮೆ ಕೇಳುವ ಮನುಷ್ಯ. ನಾಡಿನ ಚರಿತ್ರೆ ಇವನ ಕೈಯಲ್ಲಿ ವಿಜಯಘೋಷವಾಗದೆ ಯಾಚನೆಯಾಗಿ ಉಳಿಯಿತು. ನಾವು ಸಂಶೋಧಕರು ಇವನಿಂದ ತೇದಿಗಳನ್ನೂ ಹೆಸರುಗಳನ್ನೂ ಪಡೆದು ನಮ್ಮ ಪ್ರಬಂಧಗಳನ್ನು ತುಂಬಿಕೊಳ್ಳುತ್ತೇವೆ. ಅವನು ಕೇಳಿದ ದಕ್ಷಿಣೆಯನ್ನು ಮಾತ್ರ ಕೊಡುವ ರೂಢಿಯಿಲ್ಲ.

ಚರಿತ್ರೆಯೊಂದೇ ಆರ್ಮೇನಿಯರ ಪ್ರಾರ್ಥನೆಯ ಮೂಲವೆಂದು ಇದರಿಂದ ತಿಳಿಯಬಾರದು. ಅವರಲ್ಲಿ ಅತ್ಯಂತ ಪ್ರಿಯವಾದ ಪ್ರಾರ್ಥನಾಗ್ರಂಥ ವಾನ್ ಸರೋವರದ ಬಳಿಯ ನಾರೆಕ್ ಮಠದ ಗ್ರಿಗೋರನು ಹತ್ತನೆಯ ಶತಮಾನದ ಕೊನೆಗೆ ರಚಿಸಿದ 95 ಪ್ರಾರ್ಥನೆಗಳ ಪುಸ್ತಕ. ರೋಗಿಗಳ ದಿಂಬಿನ ಕೆಳಗೆ ಇಡುವಷ್ಟು ಜನ ಅದನ್ನು ನಂಬಿದರು. ಅದರಲ್ಲಿ ಮಾತನಾಡುವುದು ನಾಡಲ್ಲ, ತನ್ನ ಪಾಪಕ್ಕೆ ಅಳುವ ಒಬ್ಬನೇ ಮನುಷ್ಯ. ಎರಡು ಶತಮಾನಗಳೊಳಗೆ ನೆರ್ಸೆಸ್ ಶ್ನೊರ್ಹಾಲಿಯು ಎರಡು ಬಗೆಯನ್ನೂ ನಡೆಸಿದನು. 1144ರಲ್ಲಿ ಝಂಗಿಯ ಸೈನ್ಯಕ್ಕೆ ಎಡೆಸ್ಸಾ ನಗರ ಬಿದ್ದಾಗ ಆ ನಗರವೇ ಹೆಣ್ಣಾಗಿ ರೋದಿಸುವ ದೀರ್ಘಕಾವ್ಯವನ್ನು ಬರೆದ ಅವನೇ, ದಿನದ 24 ಗಳಿಗೆಗಳಿಗೆಂದು 24 ಚರಣಗಳ ಸ್ವಂತಪ್ರಾರ್ಥನೆಯನ್ನೂ ರಚಿಸಿದನು. ವರ್ದಾನನ ಹಬ್ಬದಲ್ಲಿ ಹಾಡುವ ಸ್ತೋತ್ರವೂ ಅವನದೆಂದೇ ಪ್ರತೀತಿ.

ಹದಿನೆಂಟನೆಯ ಶತಮಾನದಲ್ಲಿ ಈ ಪರಂಪರೆಯಲ್ಲಿ ಒಡಕು ಕಾಣಿಸಿಕೊಂಡಿತು. ಅದು ಕಾಣಿಸಿಕೊಂಡುದು ನಮ್ಮ ನೆರೆಯ ಮದರಾಸಿನಲ್ಲಿ ಎಂಬುದು ಕುತೂಹಲದ ವಿಷಯ. ವ್ಯಾಪಾರಿ ಶಹಾಮಿರ್ ಶಹಾಮಿರಿಯನ್ನನ ಮುದ್ರಣಾಲಯದಿಂದ 1772ರಲ್ಲಿ ‘ಹೊರ್ದೊರಾಕ್’, ಎಂದರೆ ‘ಪ್ರಬೋಧನೆ’, ಎಂಬ ಪುಸ್ತಕ ಹೊರಬಿದ್ದಿತು. ಮೊವ್ಸೆಸ್ ಬಘ್ರಾಮಿಯನ್ನನ ಹೆಸರಿನೊಡನೆ ಬೆಸೆದುಕೊಂಡಿರುವ ಈ ಪುಸ್ತಕವು ಯುವಕರಿಗೆ ನಾಡಿನ ಚರಿತ್ರೆಯನ್ನು ಹೇಳಿತು; ಆದರೆ ಪಾಠ ಬೇರೆಯಾಗಿತ್ತು. ನಾಡು ಕೆಟ್ಟುದು ಜನರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಿಂದ ಎಂದು ಹಿಂದಿನ ಶೋಕಗೀತೆಗಳು ಹೇಳುತ್ತಿದ್ದುವು. ಕೆಟ್ಟುದು ಅವಿದ್ಯೆಯಿಂದ, ಅನೈಕಮತ್ಯದಿಂದ, ಅರಸರ ನಿರಂಕುಶತೆಯಿಂದ ಎಂದು ಈ ಪುಸ್ತಕ ಹೇಳಿತು. ಪರಿಹಾರವು ಬರಿಯ ಪಶ್ಚಾತ್ತಾಪವಲ್ಲ, ವಿದ್ಯೆ ಮತ್ತು ಬಿಡುಗಡೆಯ ಪ್ರಯತ್ನ. ಎಚ್ಮಿಯಾದ್ಜಿನ್ನಿನಲ್ಲಿದ್ದ ಮಹಾಧರ್ಮಾಧ್ಯಕ್ಷ ಸಿಮೆಯೋನನು ಇದನ್ನು ಕಟುವಾಗಿ ವಿರೋಧಿಸಿದನು. ಪರಾಧೀನವಾದ ಸಭೆಯನ್ನು ಕಾಯಬೇಕಾದವನ ಭಯ ಅವನದು. ಅದನ್ನು ಹಗುರವಾಗಿ ಎಣಿಸಲಾಗದು. ಆದರೂ ಪ್ರಶ್ನೆ ಎದ್ದುದು ಎದ್ದುದೇ. ಇದೇ ಮದರಾಸಿನಲ್ಲಿ 1794ರಲ್ಲಿ ಹಾರುತ್ಯುನ್ ಶ್ಮಾವೋನಿಯನ್ ಎಂಬ ಪಾದ್ರಿಯು ‘ಅಜ್ದರಾರ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದನು; ಆರ್ಮೇನಿಯನ್ ಭಾಷೆಯ ಮೊದಲ ನಿಯತಕಾಲಿಕ ಅದೇ.

ಪಾಠಶಾಲೆಗಳಿಗೆ ಒದಗಿದ ದೊಡ್ಡ ಚರಿತ್ರೆಯನ್ನು ಬರೆದವನು ವೆನಿಸ್ಸಿನ ಬಳಿಯ ಮೆಖಿತಾರ್ ಮಠದ ಸನ್ಯಾಸಿ ಮಿಕಾಯೆಲ್ ಚಾಮ್ಚಿಯನ್. ಅವನ ಮೂರು ಸಂಪುಟಗಳು 1784ರಿಂದ 1786ರೊಳಗೆ ಅಚ್ಚಾದುವು. 1821ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ಆರ್ಮೇನಿಯನ್ ವಿದ್ಯಾಶಾಲೆಗೆ ಸೇರಿದ ಯೊಹಾನ್ನೆಸ್ ಅವ್ದಾಲನು ಇದರ ಸಂಕ್ಷೇಪವನ್ನು ಇಂಗ್ಲಿಷಿಗೆ ತಂದು 1827ರಲ್ಲಿ ಕಲ್ಕತ್ತೆಯಲ್ಲಿಯೇ ಪ್ರಕಟಿಸಿದನು. ನಾಡನ್ನೇ ಕಾಣದ ವ್ಯಾಪಾರಿಗಳ ಮಕ್ಕಳು ಹೂಗ್ಲಿಯ ತೀರದಲ್ಲಿ ಅವರಾಯ್ರಿನ ಕಥೆಯನ್ನು ಓದುವಂತಾಯಿತು. ಅವರಿಗೆ ದೇವಾಲಯವೊಂದೇ ಆ ಕಥೆಯ ನೆಲವಾಗಿತ್ತು.

1915ರಲ್ಲಿ ಆಟೊಮನ್ ಆಡಳಿತವು ಆರ್ಮೇನಿಯರನ್ನು ಗಡಿಪಾರುಮಾಡಿ ಕೊಲ್ಲಿಸಿದ ಸಂಗತಿಯನ್ನು ಇಲ್ಲಿ ವಿವರಿಸುವುದಿಲ್ಲ. ಸತ್ತವರ ಸಂಖ್ಯೆಯನ್ನು ಹತ್ತು ಲಕ್ಷದಿಂದ ಹದಿನೈದು ಲಕ್ಷದವರೆಗೆ ಅಂದಾಜುಮಾಡುತ್ತಾರೆ. ಆ ವರ್ಷದ ಒಂದು ಘಟನೆಯನ್ನು ಮಾತ್ರ ಹೇಳಬೇಕು. ಸುಮಾರು 28 ಕಿಲೋ ತೂಕದ, 1200ರ ಸುಮಾರಿನಲ್ಲಿ ಬರೆದ, ಮೂಶ್ ಪ್ರಾಂತದ ಪ್ರವಚನಗ್ರಂಥವನ್ನು ಹಾಳಾದ ಮಠದಿಂದ ಇಬ್ಬರು ಹೆಂಗಸರು ಎರಡು ಭಾಗಮಾಡಿ ಹೊತ್ತು ತಂದರೆಂದು ಹೇಳುತ್ತಾರೆ. ಎರಡು ಭಾಗಗಳೂ ಈಗ ಯೆರೆವಾನಿನ ಮಾತೆನದರಾನ್ ಗ್ರಂಥಭಂಡಾರದಲ್ಲಿವೆ. ಯೆಘಿಶೆಯ ಕೊನೆಯ ಪುಟಗಳನ್ನು ಓದಿದವರಿಗೆ ಈ ಇಬ್ಬರು ಅಪರಿಚಿತರಾಗಿ ಕಾಣುವುದಿಲ್ಲ.

ಮಡಿದವರಿಗಾಗಿ ಸಭೆಯು ನಡೆಸುತ್ತ ಬಂದುದು ‘ಹೊಕೆಹಾಂಗಿಸ್ತ್’ ಎಂಬ ಆತ್ಮಶಾಂತಿಯ ಪ್ರಾರ್ಥನೆ. ಪ್ರತಿವರ್ಷ ಏಪ್ರಿಲ್ 24ರಂದು ಅವರಿಗಾಗಿ ಅದನ್ನು ಹೇಳುತ್ತಿದ್ದರು. 2015ರ ಏಪ್ರಿಲ್ 23ರಂದು ಎಚ್ಮಿಯಾದ್ಜಿನ್ನಿನಲ್ಲಿ ಎರಡನೆಯ ಗರೆಗಿನ್ ಮತ್ತು ಮೊದಲನೆಯ ಆರಾಮ್ ಎಂಬ ಇಬ್ಬರು ಧರ್ಮಾಧ್ಯಕ್ಷರು ಸೇರಿ ಮಡಿದವರೆಲ್ಲರನ್ನೂ ಒಟ್ಟಾಗಿ ಸಂತರೆಂದು ಸಾರಿದರು. ಶತಮಾನಗಳ ಬಳಿಕ ಆ ಸಭೆಯು ಹೊಸ ಸಂತರನ್ನು ಘೋಷಿಸಿದುದು ಅಂದೇ. ವಿಧಿ ಮುಗಿದುದು ಗಡಿಯಾರದಲ್ಲಿ 19.15ಕ್ಕೆ; ಗಂಟೆಗಳು ನೂರು ಸಲ ಮೊಳಗಿದುವು. ಈ ಸಲ 1036 ಎಂಬಂತಹ ಸಂಖ್ಯೆಯನ್ನು ಯಾರೂ ನಿರ್ಣಯಿಸಲಿಲ್ಲ, ಹೆಸರುಗಳ ಪಟ್ಟಿಯನ್ನೂ ಓದಲಿಲ್ಲ. ಅಂತಹ ಪಟ್ಟಿಯನ್ನು ಪೂರ್ಣಗೊಳಿಸಬಲ್ಲವರೂ ಇಲ್ಲ. ಆದರೆ ಪ್ರಾರ್ಥನೆಯ ದಿಕ್ಕು ಬದಲಾಯಿತು. ಸಂತರ ಆತ್ಮಶಾಂತಿಗಾಗಿ ಯಾರೂ ಬೇಡುವುದಿಲ್ಲವಾದುದರಿಂದ ಅಂದಿನಿಂದ ಅವರಿಗೆ ‘ಹೊಕೆಹಾಂಗಿಸ್ತ್’ ನಿಂತಿತು. ನೂರು ವರ್ಷ ಅಜ್ಜಿಗಾಗಿ ಪ್ರಾರ್ಥಿಸುತ್ತಿದ್ದ ಮನೆಯವರು ಈಗ ತಮಗಾಗಿ ಪ್ರಾರ್ಥಿಸೆಂದು ಅಜ್ಜಿಯನ್ನೇ ಬೇಡುತ್ತಾರೆ.